ಟೀವಿಯವರು ಜೋಳಿಗೆ ಹಿಡಿದರೆ ಈಗ ಹಾಕುವವರು ಯಾರು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಟೆಲಿಥಾನ್ ಕುರಿತವು. ಗಂಟೆಗಟ್ಟಲೆ ಹಾಡು, ಹಾಸ್ಯ, ನಡುನಡುವೆ ಕಷ್ಟದಲ್ಲಿರುವವರ ಚಿತ್ರ, ಪರದೆಯ ಕೆಳಗೆ ಫೋನ್ ನಂಬರು: ಟೀವಿಯಲ್ಲಿ ಹೀಗೆ ದೇಣಿಗೆ ಎತ್ತುವುದಕ್ಕೆ ಆ ಹೆಸರು. 1949ರಲ್ಲಿ ಅಮೆರಿಕದ ಹಾಸ್ಯನಟ ಮಿಲ್ಟನ್ ಬರ್ಲ್ ಕ್ಯಾನ್ಸರ್ ಸಂಶೋಧನೆಗಾಗಿ ಸುಮಾರು 16 ಗಂಟೆ ಕ್ಯಾಮೆರಾ ಮುಂದೆ ನಿಂತದ್ದು ಇದರ ಮೊದಲು. ಈಗ ಅದೇ ಪದ್ಧತಿಗೆ ಮುಪ್ಪು ಬಂದಿದೆ.

ಬ್ರಿಟನ್ನಿನ ‘ರೆಡ್ ನೋಸ್ ಡೇ’ಗೆ ಬರುವ ಹಣ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ ಎಂದು ಓದಿದೆ. ಇದು ನಿಜವಾದ ಇಳಿಕೆಯೋ, ಲೆಕ್ಕದ ಆಟವೋ?
– ಓದುಗರು, ಮೈಸೂರು

ಎರಡೂ ಸ್ವಲ್ಪ ಸ್ವಲ್ಪ. ಲೆಕ್ಕದ ಮಾತು ಮೊದಲು. ಕಾಮಿಕ್ ರಿಲೀಫ್ ಸಂಸ್ಥೆ ಬಿಬಿಸಿಯಲ್ಲಿ ನಡೆಸುವ ಈ ಕಾರ್ಯಕ್ರಮ 1988ರಲ್ಲಿ ಶುರುವಾದಾಗ 1.5 ಕೋಟಿ ಪೌಂಡ್ ಬಂದಿತ್ತು. ಬಹುಕಾಲ ಅದು ಎರಡು ವರ್ಷಕ್ಕೊಮ್ಮೆ ನಡೆಯುತ್ತಿತ್ತು, ಈಗ ಪ್ರತಿ ವರ್ಷ ನಡೆಯುತ್ತದೆ. ಎರಡು ವರ್ಷ ಕಾದು ಕೊಡುವ ಕೈ ವರ್ಷಕ್ಕೊಮ್ಮೆ ಅಷ್ಟೇ ಕೊಡುವುದಿಲ್ಲ. ಇನ್ನೊಂದು ತೊಡಕೂ ಉಂಟು. ರಾತ್ರಿ ಪರದೆಯ ಮೇಲೆ ತೋರಿಸುವ ಮೊತ್ತವೇ ಬೇರೆ, ಶಾಲೆ, ಅಂಗಡಿಗಳಲ್ಲಿ ಎತ್ತಿದ್ದೆಲ್ಲ ಸೇರಿ ತಿಂಗಳುಗಳ ಮೇಲೆ ಬರುವ ಅಂತಿಮ ಮೊತ್ತವೇ ಬೇರೆ. 2011ರಲ್ಲಿ ಆ ರಾತ್ರಿಯ ಮೊತ್ತ 7.4 ಕೋಟಿ ಪೌಂಡ್, ಅಂತಿಮವಾಗಿ ಬಂದದ್ದು 10 ಕೋಟಿಗೂ ಮೇಲೆ. ಪತ್ರಿಕೆಗಳು ಒಂದು ವರ್ಷದ ಅಂತಿಮ ಮೊತ್ತವನ್ನು ಇನ್ನೊಂದು ವರ್ಷದ ರಾತ್ರಿಯ ಮೊತ್ತಕ್ಕೆ ಹೋಲಿಸಿ ‘ಪಾತಾಳ’ ಎಂದು ಬರೆದುಬಿಡುತ್ತವೆ.

ಆದರೆ ರಾತ್ರಿಗೆ ರಾತ್ರಿಯನ್ನೇ ಹೋಲಿಸಿದರೂ ಇಳಿಕೆ ಕಾಣುತ್ತದೆ: 2019ರಲ್ಲಿ 6.3 ಕೋಟಿ, 2022ರಲ್ಲಿ 4.2 ಕೋಟಿ. ಈ ನಡುವೆ ಬೆಲೆಗಳು ಏರಿದ್ದನ್ನು ಸೇರಿಸಿದರೆ ನಷ್ಟ ಇನ್ನೂ ದೊಡ್ಡದು. ಬಿಬಿಸಿಯದೇ ಇನ್ನೊಂದು ಕಾರ್ಯಕ್ರಮ ‘ಚಿಲ್ಡ್ರನ್ ಇನ್ ನೀಡ್’ ಪ್ರತಿ ವರ್ಷವೂ ನಡೆಯುವುದರಿಂದ ಹೋಲಿಕೆಗೆ ಅದೇ ಮೇಲು. 2018ರಲ್ಲಿ ಆ ರಾತ್ರಿ 5 ಕೋಟಿ ಪೌಂಡ್ ದಾಟಿತ್ತು. 2022ರಲ್ಲಿ 3.5 ಕೋಟಿಗೆ ಬಂತು, 2024ರಲ್ಲಿ ಮತ್ತೆ 3.9 ಕೋಟಿಗೆ ಏರಿತು. ಜಾರುಬಂಡೆಯೇನಲ್ಲ, ಏರಿಳಿತವಿರುವ ಇಳಿಜಾರು.

ಜನರ ಮನಸ್ಸೇ ಕಲ್ಲಾಗಿದೆಯೇ? ದಿನಾ ಕಷ್ಟ ನೋಡಿ ನೋಡಿ ಕರುಣೆ ಬತ್ತಿತೇ?
– ಓದುಗರು, ಬೆಳಗಾವಿ

ಕರುಣೆ ಬತ್ತಿತೆಂಬ ವಿವರಣೆ ಹೇಳಲು ಸುಲಭ, ಆದರೆ ಲೆಕ್ಕಕ್ಕೆ ಒಗ್ಗುವುದಿಲ್ಲ. 2022ರ ಮಾರ್ಚ್ 18ರಂದು ರೆಡ್ ನೋಸ್ ಡೇ ನಡೆಯಿತು. ಅದೇ ಮಾರ್ಚ್ 3ರಂದು ಬ್ರಿಟನ್ನಿನ ವಿಪತ್ತು ಪರಿಹಾರ ಸಂಸ್ಥೆಗಳ ಒಕ್ಕೂಟ (1963ರಲ್ಲಿ ಕಟ್ಟಿದ್ದು, ಡಿಇಸಿ ಎನ್ನುತ್ತಾರೆ) ಯುಕ್ರೇನಿಗಾಗಿ ಮನವಿ ಶುರುಮಾಡಿತ್ತು. ಅದರ ಮೊತ್ತ ಮುಂದೆ 40 ಕೋಟಿ ಪೌಂಡ್ ದಾಟಿತು. 2004ರ ಸುನಾಮಿಗೆ ಇದೇ ಒಕ್ಕೂಟಕ್ಕೆ 39 ಕೋಟಿ ಬಂದಿತ್ತು. ಆ ಮನವಿಗಳೂ ಟೀವಿಯಲ್ಲೇ ಬರುತ್ತವೆ, ಆದರೆ ಕೆಲವೇ ನಿಮಿಷದವು. ಏನಾಯಿತು, ಹಣ ಯಾವುದಕ್ಕೆ, ಎಲ್ಲಿಗೆ ಕಳಿಸಬೇಕು, ಅಷ್ಟೇ. ಕೊಡುವ ಮನಸ್ಸು ಹೋಗಿಲ್ಲ. ಇಡೀ ಸಂಜೆ ಟೀವಿ ಮುಂದೆ ಕೂರುವ ರೂಢಿ ಹೋಗಿದೆ.

ಟೆಲಿಥಾನಿನ ರಚನೆ ನೋಡಿದರೆ ಇದು ಅರ್ಥವಾಗುತ್ತದೆ. ಮೊದಲು ನಗಿಸುವ ಪ್ರಹಸನ. ನೋಡುವವರ ಮನಸ್ಸು ಸಡಿಲವಾದ ಕೂಡಲೇ ಎರಡು ಮೂರು ನಿಮಿಷದ ನೋವಿನ ಚಿತ್ರ. ಅದು ಮುಗಿದ ಕ್ಷಣಕ್ಕೆ ಫೋನ್ ನಂಬರು, ಬಳಿಕ ಏರಿದ ಮೊತ್ತದ ಫಲಕ. ಮತ್ತೆ ಪ್ರಹಸನ. ನಗುವಿನ ಬೆನ್ನಿಗೇ ಕಣ್ಣೀರು ಬಂದರೆ ಮಾತ್ರ ಈ ಯಂತ್ರ ಓಡುತ್ತದೆ. ಈಗ ಆಗುತ್ತಿರುವುದೇನು? ಪ್ರಹಸನವನ್ನಷ್ಟೇ ಮರುದಿನ ಬೆಳಿಗ್ಗೆ ಫೋನಿನಲ್ಲಿ ನೋಡುತ್ತಾರೆ, ನೋವಿನ ಚಿತ್ರವೂ ನಂಬರೂ ಅದರಿಂದ ಕಳಚಿಕೊಂಡಿರುತ್ತವೆ. ಲಕ್ಷಾಂತರ ಜನ ನೋಡಿದರೂ ಪೆಟ್ಟಿಗೆಗೆ ಬೀಳುವುದು ಚಿಲ್ಲರೆ.

ಅಮೆರಿಕದ ಉದಾಹರಣೆ ಇನ್ನೂ ಸ್ಪಷ್ಟ. ಸ್ನಾಯುಕ್ಷಯ ರೋಗಿಗಳ ಸಂಸ್ಥೆ ಎಂಡಿಎಗಾಗಿ ಹಾಸ್ಯನಟ ಜೆರಿ ಲೂಯಿಸ್ 1966ರಿಂದ 2010ರವರೆಗೆ ಪ್ರತಿ ಸೆಪ್ಟೆಂಬರಿನಲ್ಲಿ ಸುಮಾರು 21 ಗಂಟೆಯ ಪ್ರಸಾರ ನಡೆಸಿದರು. 2008ರಲ್ಲಿ 6.5 ಕೋಟಿ ಡಾಲರ್ ಬಂದು ದಾಖಲೆಯಾಯಿತು. 2011ರಲ್ಲಿ ಪ್ರಸಾರವನ್ನು 6 ಗಂಟೆಗೆ ಇಳಿಸಿದರು, ಮರುವರ್ಷ 3 ಗಂಟೆಗೆ, ಕೊನೆಗೆ 2 ಗಂಟೆಗೆ. 2014ರ ಬೇಸಿಗೆಯಲ್ಲಿ ತಲೆಯ ಮೇಲೆ ಐಸ್ ನೀರು ಸುರಿದುಕೊಳ್ಳುವ ಸವಾಲು ಫೋನಿನಿಂದ ಫೋನಿಗೆ ಹಬ್ಬಿ, ಇನ್ನೊಂದು ನರರೋಗದ ಸಂಸ್ಥೆಗೆ ಸುಮಾರು ಎಂಟು ವಾರದಲ್ಲಿ 11.5 ಕೋಟಿ ಡಾಲರ್ ತಂದಿತು. ಸ್ಟುಡಿಯೋ ಇಲ್ಲ, ವಾದ್ಯವೃಂದ ಇಲ್ಲ, ಒಂದು ಬಕೆಟ್ಟು. 2015ರಲ್ಲಿ ಎಂಡಿಎ ತನ್ನ ಪ್ರಸಾರಕ್ಕೆ ಬಾಗಿಲು ಹಾಕಿತು.

ನಾನು ಗಾಲಿಕುರ್ಚಿ ಬಳಸುವವಳು. ನಮ್ಮ ಹೆಸರಲ್ಲಿ ಹಣ ಎತ್ತುವುದನ್ನು ಅಂಗವಿಕಲರೇ ವಿರೋಧಿಸಿದ್ದರಂತೆ, ಹೌದೇ?
– ಓದುಗರು, ಧಾರವಾಡ

ಹೌದು. ಬ್ರಿಟನ್ನಿನ ಐಟಿವಿ 1988, 1990 ಮತ್ತು 1992ರಲ್ಲಿ 27 ಗಂಟೆಯ ಟೆಲಿಥಾನ್ ನಡೆಸಿತು. 1992ರಲ್ಲಿ ಲಂಡನ್ನಿನ ಸ್ಟುಡಿಯೋ ಹೊರಗೆ ಅಂಗವಿಕಲರು ಭಾರಿ ಸಂಖ್ಯೆಯಲ್ಲಿ ಸೇರಿದರು. ನಿಮ್ಮ ಕನಿಕರದ ಮೇಲೆ ಉಚ್ಚೆ ಹುಯ್ಯುತ್ತೇವೆ ಎಂಬರ್ಥದ ಘೋಷಣೆ ಅವರ ಅಂಗಿಗಳ ಮೇಲಿತ್ತು. ಐಟಿವಿ ಆಮೇಲೆ ಆ ಟೆಲಿಥಾನ್ ಮಾಡಲಿಲ್ಲ. ಅಮೆರಿಕದಲ್ಲಿ ಜೆರಿ ಲೂಯಿಸರ ಪ್ರಸಾರದಲ್ಲಿ ‘ಜೆರಿಯ ಮಕ್ಕಳು’ ಎಂದು ತೆರೆಯ ಮೇಲೆ ತೋರಿಸಿಕೊಂಡವರಲ್ಲೇ ಕೆಲವರು ದೊಡ್ಡವರಾದ ಮೇಲೆ ‘ಜೆರಿಯ ಅನಾಥರು’ ಎಂದು ಹೆಸರಿಟ್ಟುಕೊಂಡು ಬೀದಿಗಿಳಿದರು.

ಅವರ ವಾದ ಗಟ್ಟಿ. ಹೆಚ್ಚು ಹಣ ಬರಬೇಕಾದರೆ ಮಗು ಹೆಚ್ಚು ದೈನ್ಯವಾಗಿ ಕಾಣಬೇಕು. ಅದೇ ಮಗು ಇಪ್ಪತ್ತು ವರ್ಷದ ಮೇಲೆ ಕೆಲಸ ಕೇಳಲು ಹೋದಾಗ ಎದುರಿನವರ ಕಣ್ಣಲ್ಲಿ ಇರುವುದು ಆ ಚಿತ್ರವೇ. ಇಳಿಜಾರು ದಾರಿ, ಬಸ್ಸಿನ ಲಿಫ್ಟು, ಶಾಲೆಯ ಸೀಟು ಹಕ್ಕಾಗಿ ಸಿಗಬೇಕಾದವು, ಜೋಳಿಗೆಯಿಂದಲ್ಲ. 2014ರಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿ ಮೆಕ್ಸಿಕೊ ಸರ್ಕಾರಕ್ಕೆ ಹೇಳಿದ್ದೂ ಇದನ್ನೇ: ‘ಟೆಲೆಟಾನ್’ ಎಂಬ ಅಲ್ಲಿಯ ಖಾಸಗಿ ಟೆಲಿಥಾನ್ ಬೇರೆ, ಸರ್ಕಾರದ ಹೊಣೆ ಬೇರೆ.

ಆಫ್ರಿಕದ ಚಿತ್ರಗಳ ಮೇಲೂ ಇದೇ ಸಿಟ್ಟು. 2019ರಲ್ಲಿ ಕಾಮಿಕ್ ರಿಲೀಫಿಗಾಗಿ ಹೋದ ಟೀವಿ ನಿರೂಪಕಿ ಸ್ಟೇಸಿ ಡೂಲಿ ಉಗಾಂಡಾದ ಮಗುವನ್ನು ಎತ್ತಿಕೊಂಡ ಫೋಟೊ ಹಾಕಿದಾಗ ಸಂಸದ ಡೇವಿಡ್ ಲ್ಯಾಮಿ, ಬಿಳಿಯರು ಬಂದು ಉದ್ಧರಿಸುವ ಹಳೆಯ ಕಥೆ ಸಾಕು ಎಂದರು. 2020ರ ಅಕ್ಟೋಬರಿನಲ್ಲಿ ಕಾಮಿಕ್ ರಿಲೀಫ್ ಖ್ಯಾತನಾಮರನ್ನು ಆಫ್ರಿಕಕ್ಕೆ ಕಳಿಸಿ ಚಿತ್ರ ತೆಗೆಯುವುದನ್ನು ನಿಲ್ಲಿಸಿತು.

‘ನೀವು ಕೊಟ್ಟ ಪ್ರತಿ ಪೈಸೆಯೂ ಬಡವರಿಗೇ’ ಎನ್ನುತ್ತಾರಲ್ಲ, ಸಂಬಳ ಎಲ್ಲಿಂದ ಕೊಡುತ್ತಾರೆ?
– ಓದುಗರು, ದಾವಣಗೆರೆ

ಪ್ರಾಯೋಜಕರಿಂದ, ಇಲ್ಲವೇ ದೇಣಿಗೆಯ ಬಡ್ಡಿಯಿಂದ. ಕಾಮಿಕ್ ರಿಲೀಫಿನಲ್ಲಿ ಇದಕ್ಕೆ ‘ಚಿನ್ನದ ಪೌಂಡು’ ಎಂಬ ಹೆಸರಿತ್ತು: ಸಾರ್ವಜನಿಕರ ಒಂದು ಪೌಂಡಿಗೆ ಒಂದು ಪೌಂಡಿನ ಕೆಲಸ. ಅನುದಾನ ಕಂತು ಕಂತಾಗಿ ವರ್ಷಗಟ್ಟಲೆ ಹೋಗುವುದರಿಂದ ಅಲ್ಲಿಯವರೆಗೆ ಹಣವನ್ನು ಹೂಡಿಕೆಯಲ್ಲಿಟ್ಟು, ಬಂದ ಆದಾಯದಿಂದ ಖರ್ಚು ತೂಗಿಸುತ್ತಿದ್ದರು. ಆ ಹೂಡಿಕೆಯಲ್ಲಿ ಶಸ್ತ್ರಾಸ್ತ್ರ, ತಂಬಾಕು, ಮದ್ಯದ ಕಂಪನಿಗಳ ಷೇರೂ ಇದ್ದವೆಂದು 2013ರ ಡಿಸೆಂಬರಿನಲ್ಲಿ ಬಿಬಿಸಿಯದೇ ತನಿಖಾ ಕಾರ್ಯಕ್ರಮ ‘ಪನೋರಮಾ’ ಬಯಲಿಗೆಳೆಯಿತು. ನಮ್ಮ ಅಭಿಪ್ರಾಯ ಕೇಳಿದರೆ, ನೂರಕ್ಕೆ ಹನ್ನೆರಡು ರೂಪಾಯಿ ಕಚೇರಿ ಖರ್ಚು ಎಂದು ನೇರವಾಗಿ ಬರೆಯುವ ಸಂಸ್ಥೆಯೇ ವಾಸಿ.

ಎಲ್ಲ ಕಡೆಯೂ ಹೀಗೇನಾ?
– ಓದುಗರು, ಸಾಗರ

ಇಲ್ಲ. ಫ್ರಾನ್ಸಿನಲ್ಲಿ 1987ರಿಂದ ಡಿಸೆಂಬರಿಗೊಮ್ಮೆ 30 ಗಂಟೆಯ ಟೆಲಿಥಾನ್ ನಡೆಯುತ್ತಿದೆ. 2006ರಲ್ಲಿ 10.6 ಕೋಟಿ ಯೂರೊ ಬಂದದ್ದು ಶಿಖರ, ಈಗ ಅದಕ್ಕಿಂತ ಕೆಳಗೆ. ಆದರೂ ಉಳಿದುಕೊಂಡಿದೆ, ಏಕೆಂದರೆ ಅದು ಬರೀ ಸ್ಟುಡಿಯೋದ್ದಲ್ಲ. ಊರೂರಲ್ಲಿ ಅದೇ ದಿನ ಓಟ, ಊಟ, ಹಾಡು ನಡೆದು ಅಲ್ಲಿಯ ಹಣವೂ ಸೇರುತ್ತದೆ. ನಮ್ಮ ಊರಹಬ್ಬದ ಚಂದಾ ಇದ್ದ ಹಾಗೆ. ಮೇಲಾಗಿ ಅಲ್ಲಿ ಕೊಟ್ಟದ್ದರ ಶೇ. 66ರಷ್ಟು ತೆರಿಗೆಯಲ್ಲಿ ಮರಳುತ್ತದೆ.

ನಾನು ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿಯ ಟೀವಿ ಮನವಿಗೆ ಕೊಡಲೇ, ನಮ್ಮ ಜಿಲ್ಲೆಯ ಟ್ರಸ್ಟಿಗೆ ನೇರ ಕಳಿಸಲೇ?
– ಓದುಗರು, ಲೆಸ್ಟರ್

ಅಲ್ಲಿಯ ನೋಂದಾಯಿತ ಸಂಸ್ಥೆಗೆ ಕೊಟ್ಟರೆ ಗಿಫ್ಟ್ ಏಡ್ ಸಿಗುತ್ತದೆ: ನಿಮ್ಮ ಒಂದು ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. ಅಷ್ಟು ತೆರಿಗೆಯನ್ನಾದರೂ ನೀವು ಆ ವರ್ಷ ಅಲ್ಲಿ ಕಟ್ಟಿರಬೇಕು. ಎಸ್ಸೆಮ್ಮೆಸ್ ಮೂಲಕ ಕೊಡುವವರು ಎಡವುವುದು ಇಲ್ಲೇ. ದುಡ್ಡು ಹೋದ ಮೇಲೆ ಬರುವ ಎರಡನೇ ಸಂದೇಶಕ್ಕೆ ಹೆಸರು, ವಿಳಾಸ ಉತ್ತರಿಸದಿದ್ದರೆ ಆ 25 ಪೆನ್ಸ್ ಇಲ್ಲ.

ಕರ್ನಾಟಕದ ಟ್ರಸ್ಟಿಗೆ ನೇರ ಕಳಿಸಿದರೆ ಗಿಫ್ಟ್ ಏಡ್ ಇಲ್ಲ. ನಿಮ್ಮ ಪಾಸ್‌ಪೋರ್ಟ್ ಯಾವುದು ಎನ್ನುವುದೂ ಮುಖ್ಯ. ಭಾರತದ್ದೇ ಇದ್ದು, ನಿಮ್ಮ ಸ್ವಂತ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಬ್ರಿಟಿಷ್ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡಿದ್ದರೂ, ಅದು ವಿದೇಶಿ ದೇಣಿಗೆಯೇ. ಆಗ ಟ್ರಸ್ಟಿಗೆ ವಿದೇಶಿ ದೇಣಿಗೆ ಪಡೆಯುವ ಎಫ್‌ಸಿಆರ್‌ಎ ಕಾಯ್ದೆಯ ಅನುಮತಿ ಇರಬೇಕು, ಹಣ ಅವರ ದೆಹಲಿ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಹೋಗಬೇಕು. ಅನುಮತಿ ಇಲ್ಲದವರ ಖಾತೆಗೆ ಹಾಕಿದರೆ ಫಜೀತಿ ಅವರಿಗೆ. ಅವರ ಪಾಸ್‌ಬುಕ್ ಫೋಟೊ ತರಿಸಿಕೊಳ್ಳುವ ಮೊದಲು ಇದನ್ನು ಕೇಳಿ.

ನಮ್ಮ ಟ್ರಸ್ಟ್ ಡಯಾಲಿಸಿಸ್ ಕೇಂದ್ರಕ್ಕಾಗಿ ಸ್ಥಳೀಯ ಕೇಬಲ್ ಮತ್ತು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿ ಹಣ ಎತ್ತಬೇಕೆಂದಿದೆ. ಎಲ್ಲಿ ಎಚ್ಚರ ವಹಿಸಬೇಕು?
– ಟ್ರಸ್ಟಿನ ಕಾರ್ಯದರ್ಶಿ, ತುಮಕೂರು ಜಿಲ್ಲೆ

ಮೊದಲು ಅವಧಿ. ಎರಡು ಗಂಟೆ ಸಾಕು, ಮೂರು ಹೆಚ್ಚು. ಎಂಟು ಹತ್ತು ನಿಮಿಷ ಕಾರ್ಯಕ್ರಮ, ಎರಡು ನಿಮಿಷ ಮನವಿ, ಆಮೇಲೆ ಮುಕ್ಕಾಲು ನಿಮಿಷ ಕ್ಯೂಆರ್ ಕೋಡ್ ಮಾತ್ರ.

ಆ ಕೋಡಿನ ವಿಚಾರದಲ್ಲೇ ಹೆಚ್ಚಿನವರು ಸೋಲುವುದು. ಅಂದಾಜು ಲೆಕ್ಕ: ಎಷ್ಟು ದೂರದಿಂದ ಸ್ಕ್ಯಾನ್ ಆಗಬೇಕೋ ಅದರ ಹತ್ತನೇ ಒಂದು ಭಾಗದಷ್ಟು ಅಗಲ ಬೇಕು. ಎಂಟು ಅಡಿ ದೂರದ ಸೋಫಾಕ್ಕೆ ಸುಮಾರು ಹತ್ತು ಇಂಚು. 32 ಇಂಚಿನ ಟೀವಿಯ ಎತ್ತರವೇ ಹದಿನಾರು ಇಂಚಿಗೆ ತುಸು ಕಡಿಮೆ. ಅಂದರೆ ಮೂಲೆಯಲ್ಲಿ ಅಂಟಿಸಿದ ಮೂರು ಇಂಚಿನ ಕೋಡಿಗೆ ನೋಡುವವರು ಎದ್ದು ಬಂದು ಎರಡೂವರೆ ಅಡಿ ದೂರದಲ್ಲಿ ನಿಲ್ಲಬೇಕು. ಯಾರೂ ಏಳುವುದಿಲ್ಲ. ಪರದೆ ತುಂಬ ತೋರಿಸಿ, ಸುತ್ತ ಕೋಡಿನ ನಾಲ್ಕು ಚಿಕ್ಕ ಚೌಕದಷ್ಟು ಬಿಳಿ ಅಂಚು ಬಿಡಿ, ಹಿಂದೆ ಹೂವು, ಬಾವುಟ ಆಡಿಸಬೇಡಿ. ಕೇಬಲ್‌ನವರ ಸುದ್ದಿಪಟ್ಟಿ ಕೆಳಗಿನ ಭಾಗ ಮುಚ್ಚುತ್ತದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ.

ಯೂಟ್ಯೂಬಿನಲ್ಲಿ ಸಮಸ್ಯೆ ತಿರುಗುಮುರುಗು. ಫೋನಿನಲ್ಲಿ ನೋಡುವವರು ಅದೇ ಫೋನಿನಿಂದ ಸ್ಕ್ಯಾನ್ ಮಾಡಲಾರರು. ಅವರಿಗೆ ಯುಪಿಐ ಐಡಿಯನ್ನು ವಿಡಿಯೊ ಕೆಳಗೆ ಬರೆದಿಡಿ, ಒತ್ತಿ ಹಿಡಿದು ನಕಲಿಸುವಂತಿರಲಿ. ಹಣ ಕಳಿಸುವ ಮುನ್ನ ಆ್ಯಪಿನಲ್ಲಿ ಟ್ರಸ್ಟಿನ ಹೆಸರೇ ಕಾಣಬೇಕು. ಖಜಾಂಚಿಯ ಸ್ವಂತ ಹೆಸರು ಬಂದರೆ ಅರ್ಧ ಜನ ಅಲ್ಲೇ ಕೈ ಹಿಂದೆಗೆಯುತ್ತಾರೆ, ಅದು ಸರಿಯೇ.

ಮೊತ್ತದ ಫಲಕದಲ್ಲಿ ಖಾತೆಗೆ ಬಿದ್ದದ್ದನ್ನು ಮಾತ್ರ ಬರೆಯಿರಿ. ‘ಕೊಡುತ್ತೇನೆ’ ಎಂದವರ ಲೆಕ್ಕ ಬೇರೆ ಪುಸ್ತಕದಲ್ಲಿರಲಿ, ವಾರದೊಳಗೆ ಫೋನ್ ಮಾಡಿ. ಹಳೆಯ ಟೆಲಿಥಾನ್‌ಗಳ ಹೆಸರು ಕೆಡಿಸಿದ್ದರಲ್ಲಿ ಈ ಎರಡನ್ನೂ ಬೆರೆಸಿದ್ದು ಒಂದು.

ಮನವಿಯಲ್ಲಿ ಒಬ್ಬರ ಕಥೆ ಹೇಳಿ, ಅಂಕಿಸಂಖ್ಯೆ ಸುರಿಯಬೇಡಿ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಐದು ಡಾಲರ್ ಕೈಯಲ್ಲಿದ್ದವರು ಮಾಲಿಯ ಏಳು ವರ್ಷದ ಒಬ್ಬ ಹುಡುಗಿಯ ಚಿತ್ರ ನೋಡಿ ಸರಾಸರಿ 2.38 ಡಾಲರ್ ಕೊಟ್ಟರು, ಬರೀ ಅಂಕಿ ಓದಿದವರು 1.14. ಸ್ವಾರಸ್ಯವೆಂದರೆ ಹುಡುಗಿಯನ್ನೂ ಅಂಕಿಯನ್ನೂ ಒಟ್ಟಿಗೆ ತೋರಿಸಿದಾಗ ಸಿಕ್ಕಿದ್ದು 1.43 ಮಾತ್ರ. ಆದರೆ ಧಾರವಾಡದ ಓದುಗರ ಪ್ರಶ್ನೆ ನೆನಪಿರಲಿ. ರೋಗಿ ತಾವೇ ಮಾತಾಡಲಿ, ಅವರ ಒಪ್ಪಿಗೆ ಬರಹದಲ್ಲಿರಲಿ, ಅಂತಿಮ ಚಿತ್ರವನ್ನು ಪ್ರಸಾರಕ್ಕೆ ಮೊದಲು ಅವರಿಗೆ ತೋರಿಸಿ. ಬೇಡ ಎಂದ ಭಾಗ ತೆಗೆಯಿರಿ.

ಕಾಗದಪತ್ರ: ದಾನಿಯ ಹೆಸರು, ವಿಳಾಸ, ಪ್ಯಾನ್ ಅಂದೇ ಪಡೆಯಿರಿ, ಆಮೇಲೆ ಸಿಗುವುದಿಲ್ಲ. ಹೆಸರು, ವಿಳಾಸವಿಲ್ಲದ ದೇಣಿಗೆ ಒಂದು ಲಕ್ಷ ರೂಪಾಯಿ ಅಥವಾ ಒಟ್ಟು ದೇಣಿಗೆಯ ಶೇ. 5, ಇವೆರಡರಲ್ಲಿ ಹೆಚ್ಚಿನದನ್ನು ಮೀರಿದರೆ ಮೀರಿದ ಭಾಗಕ್ಕೆ ಶೇ. 30 ತೆರಿಗೆ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ದಾನಿಗೆ ಸಿಗುವ ತೆರಿಗೆ ವಿನಾಯಿತಿ (80ಜಿ) ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ, ಇದನ್ನು ಪರದೆಯ ಮೇಲೇ ಹೇಳಿಬಿಟ್ಟರೆ ಮಾರ್ಚಿನಲ್ಲಿ ಜಗಳ ತಪ್ಪುತ್ತದೆ.

ಫೋನಿನಲ್ಲಿ ಅಳುವ ತಾಯಿಯ ಜಾಹೀರಾತು ಪದೇ ಪದೇ ಬರುತ್ತದೆ. ನಂಬಬಹುದೇ?
– ಓದುಗರು, ಕುಂದಾಪುರ

ಜಾಹೀರಾತನ್ನು ಬಿಟ್ಟು ಅದರ ಹಿಂದಿನ ಪುಟ ಓದಿ. ಆಸ್ಪತ್ರೆಯ ಖರ್ಚಿನ ಅಂದಾಜುಪತ್ರ ಹಾಕಿದ್ದಾರೆಯೇ, ಅದರಲ್ಲಿ ತಾರೀಕು, ಮೊಹರು ಇವೆಯೇ, ಹಣ ಆಸ್ಪತ್ರೆಯ ಖಾತೆಗೇ ಹೋಗುತ್ತದೆಯೇ ನೋಡಿ. ಆಸ್ಪತ್ರೆಯ ನಂಬರನ್ನು ನೀವೇ ಬೇರೆ ಕಡೆಯಿಂದ ಹುಡುಕಿ ವಿಚಾರಿಸಿ, ಆ ಪುಟದಲ್ಲಿರುವ ನಂಬರಿಗೆ ಅಲ್ಲ. ಒಬ್ಬ ವ್ಯಕ್ತಿಯ ಚಿಕಿತ್ಸೆಗೆ ಕೊಟ್ಟದ್ದಕ್ಕೆ 80ಜಿ ಸಿಗುವುದಿಲ್ಲ. ಹಣ ಕಟ್ಟುವ ಕೊನೆಯ ಹಂತದಲ್ಲಿ ಕೆಲವು ಜಾಲತಾಣಗಳು ತಮಗೊಂದಿಷ್ಟು ‘ಟಿಪ್’ ತಾವಾಗಿಯೇ ಸೇರಿಸಿರುತ್ತವೆ. ಬೇಡವೆಂದರೆ ಅದನ್ನು ಸೊನ್ನೆಗೆ ಎಳೆದು ಮುಂದುವರಿಯಬಹುದು.