ಪಂಚಾಯಿತಿ ಪಡಸಾಲೆ: ಚರಂಡಿಯ ದುಡ್ಡು ಬೀದಿಗೇಕೆ ಬಾರದು?

(ಓದುಗರ ಪ್ರಶ್ನೆಗಳಿಗೆ ನಿವೃತ್ತ ಗ್ರಾಮ ಪಂಚಾಯಿತಿ ಕಾರ್ಯದರ್ಶಿಯೊಬ್ಬರ ಉತ್ತರ)

ಪ್ರಶ್ನೆ: ನಮ್ಮ ಪಂಚಾಯಿತಿಯ 2024-25ರ ಲೆಕ್ಕವನ್ನು ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ನೋಡಿದೆ. ಹದಿನೈದನೇ ಹಣಕಾಸು ಆಯೋಗದ ಹಣ ಉಳಿದಿದೆ. ನಮ್ಮ ಬೀದಿಗೆ ಕಾಂಕ್ರೀಟ್ ಹಾಕಿಸಿ ಎಂದರೆ ‘ದುಡ್ಡಿಲ್ಲ’ ಎನ್ನುತ್ತಾರೆ. ಇದು ಹಾಡುಹಗಲಿನ ಸುಳ್ಳಲ್ಲವೇ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ‘ಬೀದಿಗೆ ದುಡ್ಡಿಲ್ಲ’ ಎಂಬ ಮಾತಿನಲ್ಲಿ ಮೊದಲ ಪದವನ್ನು ಅವರು ನುಂಗಿದ್ದಾರೆ, ಅಷ್ಟೇ.

ನನ್ನ ತಾಯಿ ಸಾಸಿವೆ ಡಬ್ಬಿಯಲ್ಲಿ ಹಾಲಿನ ದುಡ್ಡನ್ನೂ ಮೆಂತ್ಯದ ಡಬ್ಬಿಯಲ್ಲಿ ನಮ್ಮ ಶಾಲೆಯ ಫೀಸನ್ನೂ ಇಡುತ್ತಿದ್ದರು. ಒಂದರಲ್ಲಿ ಎಷ್ಟೇ ಇರಲಿ, ಇನ್ನೊಂದಕ್ಕೆ ಮುಟ್ಟುವಂತಿರಲಿಲ್ಲ. ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರ ಕೊಡುವ ಈ ಅನುದಾನವೂ ಹಾಗೆಯೇ. 2021-22ರಿಂದ 2025-26ರವರೆಗಿನ ನಿಯಮದಂತೆ ಶೇ 60ರಷ್ಟು ನಿರ್ಬಂಧಿತ: ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಅನಿರ್ಬಂಧಿತ. ಪಂಚಾಯಿತಿಗೆ 20 ಲಕ್ಷ ರೂಪಾಯಿ ಬಂದಿತೆಂದು ಇಟ್ಟುಕೊಳ್ಳಿ. ನೀರಿಗೆ 6 ಲಕ್ಷ, ನೈರ್ಮಲ್ಯಕ್ಕೆ 6 ಲಕ್ಷ. ನಿಮ್ಮ ಬೀದಿ, ಪಕ್ಕದ ಹಳ್ಳಿಯ ಬೀದಿ, ಬೀದಿ ದೀಪ ಎಲ್ಲವೂ ಕಿತ್ತಾಡಬೇಕಾದದ್ದು ಉಳಿದ 8 ಲಕ್ಷಕ್ಕೆ. ಅದರಿಂದ ಸಂಬಳವನ್ನು ಮಾತ್ರ ಕೊಡುವಂತಿಲ್ಲ. ನೀವು ನೋಡಿದ ಉಳಿಕೆ ಯಾವ ಡಬ್ಬಿಯದು ಎಂದು ಮೊದಲು ಕೇಳಿ.

ಎರಡನೆಯ ಮಾತು. ಕ್ರಿಯಾ ಯೋಜನೆಯಲ್ಲಿ, ಅಂದರೆ ಪಂಚಾಯಿತಿಯ ವರ್ಷದ ಕೆಲಸಗಳ ಪಟ್ಟಿಯಲ್ಲಿ, ಇಲ್ಲದ ಕೆಲಸಕ್ಕೆ ಡಬ್ಬಿ ತುಂಬಿದ್ದರೂ ಕಾಸು ಹೊರಡುವುದಿಲ್ಲ. ಆ ಯೋಜನೆ ಹುಟ್ಟಬೇಕಾದದ್ದು ವಾರ್ಡ್ ಸಭೆಯಲ್ಲಿ, ಗ್ರಾಮ ಸಭೆಯಲ್ಲಿ. ನೀವು ಹೋಗಿದ್ದಿರಾ? ನನ್ನ ಸೇವೆಯಲ್ಲಿ ಕಂಡ ಎಷ್ಟೋ ಗ್ರಾಮ ಸಭೆಗಳಲ್ಲಿ ಶಾಮಿಯಾನದ ಕುರ್ಚಿಗಳೇ ಬಹುಮತದಲ್ಲಿದ್ದವು. ಈ ಸಲ ಹೋಗಿ. ನಡಾವಳಿ ಪುಸ್ತಕದಲ್ಲಿ ‘ಗ್ರಾಮದ ರಸ್ತೆ ಅಭಿವೃದ್ಧಿ’ ಎಂದು ಬರೆದರೆ ಒಪ್ಪಬೇಡಿ. ಯಾರ ಮನೆಯಿಂದ ಯಾರ ಮನೆಯವರೆಗೆ ಎಂದು ಬರೆಯುವ ತನಕ ಕುರ್ಚಿ ಬಿಟ್ಟು ಏಳಬೇಡಿ. ಕಾಂಕ್ರೀಟಿಗೆ ಮುಂಚೆ ನೀರಿನ ಪೈಪು ಬಿದ್ದಿದೆಯೇ ಎಂಬುದನ್ನೂ ಕೇಳಿ. ಹೊಸ ರಸ್ತೆಯ ಹೊಟ್ಟೆ ಬಗೆದು ಪೈಪು ಇಳಿಸಿ, ಮೇಲೆ ಹಿಡಿ ಮಣ್ಣು ಎಳೆದು ಹೋಗುವ ಚಂದವನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ: ಮನೆ ಮನೆಗೆ ನಲ್ಲಿ ಬಂತು. ಈಗ ನೀರಿನ ಕರ ಕಟ್ಟಿ ಎನ್ನುತ್ತಿದ್ದಾರೆ. ಸರ್ಕಾರದ ಯೋಜನೆಗೆ ನಾವೇಕೆ ಕೊಡಬೇಕು?
– ಗೃಹಿಣಿ, ಹಾವೇರಿ ಜಿಲ್ಲೆ

ಉತ್ತರ: ತಾಯಿ, ನಲ್ಲಿ ಸರ್ಕಾರದ್ದು, ನೀರೆತ್ತುವ ಖರ್ಚು ಊರಿನದು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್‌ಗೆ ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಹೆಸರಿಟ್ಟರು. ಕೇಂದ್ರ, ರಾಜ್ಯ ಅರ್ಧರ್ಧ ಹಾಕಿ, ದಿನಕ್ಕೆ ತಲೆಗೆ 55 ಲೀಟರ್ ನೀರು ಎಂಬ ಲೆಕ್ಕದಲ್ಲಿ ಪೈಪು, ಟ್ಯಾಂಕು ಮಾಡಿದರು. ಆಮೇಲೆ? ಬೇಸಿಗೆಯ ನಡುರಾತ್ರಿ ಕೊಳವೆಬಾವಿಯ ಮೋಟಾರು ಸುಟ್ಟರೆ ಅದನ್ನು ಎತ್ತಿಸಿ ರಿವೈಂಡಿಂಗ್‌ಗೆ ಒಯ್ಯಬೇಕು. ನೀರುಗಂಟಿಗೆ ತಿಂಗಳು ತಿಂಗಳು ಸಂಬಳ ಕೊಡಬೇಕು. ಕಟ್ಟುವುದಕ್ಕೆ ಬಂದಷ್ಟು ಸಲೀಸಾಗಿ ನಡೆಸುವುದಕ್ಕೆ ದುಡ್ಡು ಬರುವುದಿಲ್ಲ. ಟ್ಯಾಂಕು ಉದ್ಘಾಟಿಸಲು ಜನ ಬರುತ್ತಾರೆ, ವಾಲ್ವು ಬದಲಿಸಿದ್ದಕ್ಕೆ ಯಾರು ರಿಬ್ಬನ್ ಕತ್ತರಿಸುತ್ತಾರೆ?

ಆದರೆ ವಾರಕ್ಕೊಂದು ದಿನ ನೀರು ಬಿಟ್ಟು ಪೂರ್ತಿ ಕರ ಕೇಳುತ್ತಿದ್ದರೆ ಸುಮ್ಮನಿರಬೇಡಿ. ರಸೀದಿ ಕೈಯಲ್ಲಿ ಹಿಡಿದು ಜಮಾಬಂದಿಗೆ ಹೋಗಿ. ವರ್ಷಕ್ಕೊಮ್ಮೆ, ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ, ಪಂಚಾಯಿತಿಯ ಲೆಕ್ಕವನ್ನು ಊರ ಮುಂದೆ ತೆರೆಯುವ ದಿನ ಅದು. ಕರ ಕಟ್ಟಿದವರ ದನಿಗೆ ಅಲ್ಲಿ ಬೇರೆಯೇ ತೂಕವಿರುತ್ತದೆ. ಆ ಮೇಜಿನ ಆಚೆ ಕುಳಿತು ಬೆವರಿದವನು ಹೇಳುತ್ತಿದ್ದೇನೆ.

ಪ್ರಶ್ನೆ: ನಮ್ಮೂರಿನ ಚರಂಡಿ ಕೆಲಸ ಸರಿಯಾಗಿದೆಯೇ ಎಂದು ಎಂಜಿನಿಯರಿಂಗ್ ಓದದವರು ತಿಳಿಯುವುದು ಹೇಗೆ?
– ಕಾಲೇಜು ವಿದ್ಯಾರ್ಥಿ, ಚಿತ್ರದುರ್ಗ ಜಿಲ್ಲೆ

ಉತ್ತರ: ಒಂದು ಕೊಡ ನೀರು ಸಾಕು. ಇದನ್ನು ನನಗೆ ಕಲಿಸಿದವರು ಒಬ್ಬ ಅಜ್ಜಿ.

ಆಗ ನಾನು ಕಾರ್ಯದರ್ಶಿ. ಹೊಸ ಚರಂಡಿಯ ಅಳತೆ ಮುಗಿದಿತ್ತು. ಉದ್ದ, ಅಗಲ, ಆಳ ಎಲ್ಲವೂ ಅಳತೆ ಪುಸ್ತಕದಲ್ಲಿ ಇದ್ದಂತೆಯೇ ಇದ್ದವು. ಬಿಲ್ಲಿಗೆ ನನ್ನ ಸಹಿಯೊಂದೇ ಬಾಕಿ. ಅಜ್ಜಿ ಮನೆಯೊಳಗಿಂದ ಹಿತ್ತಾಳೆ ಕೊಡ ತಂದು ಚರಂಡಿಗೆ ಸುರಿದರು. ನೀರು ಎರಡು ಮಾರು ಹೋಯಿತು, ನಿಂತಿತು, ಸ್ವಲ್ಪ ಯೋಚಿಸಿದಂತೆ ಮಾಡಿ ಮೆಲ್ಲಗೆ ಅಜ್ಜಿಯ ಕಾಲಿನ ಕಡೆಗೇ ಹಿಂತಿರುಗಿತು. ಇಳಿಜಾರು ತಿರುಗುಮುರುಗಾಗಿತ್ತು! ‘ಇದು ಕೆರೆ ಕಣಪ್ಪ, ಚರಂಡಿಯಲ್ಲ’ ಎಂದು ಅಜ್ಜಿ ಕೊಡವನ್ನು ಸೊಂಟಕ್ಕಿಟ್ಟು ಒಳಗೆ ಹೋದರು. ಗುತ್ತಿಗೆದಾರ ಅರವತ್ತು ಅಡಿ ಒಡೆದು ಮತ್ತೆ ಕಟ್ಟಿದ. ಅಲ್ಲಿಂದ ನಿವೃತ್ತಿಯವರೆಗೆ ಕೊಡದ ಪರೀಕ್ಷೆಯಾಗದೆ ನಾನು ಯಾವ ಚರಂಡಿಯ ಬಿಲ್ಲಿಗೂ ಸಹಿ ಹಾಕಲಿಲ್ಲ. ನೀವು ನೀರು ಸುರಿಯುವುದಾದರೆ ಬಿಲ್ಲು ಪಾಸಾಗುವ ಮೊದಲೇ ಸುರಿಯಿರಿ.

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿ ಆದರೆ ಹೆಚ್ಚು ಅನುದಾನ ಬರುತ್ತದಂತೆ. ಒಳ್ಳೆಯದಲ್ಲವೇ?
– ಅಂಗಡಿ ಮಾಲೀಕರು, ಮಂಡ್ಯ ಜಿಲ್ಲೆ

ಉತ್ತರ: ನಿಮಗೆ ಒಳ್ಳೆಯದಿರಬಹುದು. ಹತ್ತರಿಂದ ಇಪ್ಪತ್ತು ಸಾವಿರ ಜನಸಂಖ್ಯೆಯ ಊರಿಗೆ ಆ ಪಟ್ಟ ಸಿಗಬಹುದು. ಸಿಕ್ಕರೆ ಬೇರೆ ಇಲಾಖೆ, ಬೇರೆ ಅನುದಾನ, ಮುಖ್ಯಾಧಿಕಾರಿ ಎಲ್ಲವೂ ಬರುತ್ತವೆ. ಆದರೆ ಗ್ರಾಮೀಣ ಉದ್ಯೋಗ ಖಾತರಿಯ ಕೆಲಸ ಪಟ್ಟಣಕ್ಕಿಲ್ಲ. ಆ ಕೂಲಿಯನ್ನು ನಂಬಿರುವವರು ನಿಮ್ಮೂರಿನ ಅಂಚಿನ ಕೇರಿಗಳಲ್ಲಿ ಎಷ್ಟು ಜನರಿದ್ದಾರೆ? ಅವರಲ್ಲಿ ಎಷ್ಟು ಜನ ನಿಮ್ಮ ಅಂಗಡಿಯಲ್ಲಿ ಸಾಲ ಬರೆಸಿದ್ದಾರೆ ಎಂದು ಪುಸ್ತಕ ತೆರೆದು ನೋಡಿ, ಆಮೇಲೆ ಅರ್ಜಿಗೆ ಸಹಿ ಹಾಕಿ.