ಹಾಸಿಗೆ ಹಿಡಿದರೆ ಮಾತ್ರ ವಿಮೆಯೇ?

ಪ್ರಶ್ನೆ: ಖಿನ್ನತೆಯಿಂದ ಬಳಲುತ್ತಿರುವ ನನ್ನ ತಮ್ಮನನ್ನು ಮನೋವೈದ್ಯರಿಗೆ ತೋರಿಸುತ್ತಿದ್ದೇನೆ. ಮೊದಲ ದಿನ ಮುಕ್ಕಾಲು ಗಂಟೆ ಮಾತನಾಡಿಸಿದ ವೈದ್ಯರು ಈಗ ಐದೇ ನಿಮಿಷದಲ್ಲಿ ಮಾತ್ರೆ ಬರೆದು ಕಳುಹಿಸುತ್ತಾರೆ, ಫೀಸು ಮಾತ್ರ ಅಷ್ಟೇ. ಆಸ್ಪತ್ರೆಗೆ ದಾಖಲಾಗಿಲ್ಲವೆಂದು ವಿಮಾ ಕಂಪನಿಯವರು ಬಿಲ್ಲುಗಳನ್ನು ತಿರಸ್ಕರಿಸಿದ್ದಾರೆ. ಮಾನಸಿಕ ಕಾಯಿಲೆಗೂ ವಿಮೆ ಕಡ್ಡಾಯವಲ್ಲವೇ? ಈ ಪದ್ಧತಿಯನ್ನು ಸರಿಪಡಿಸಲಾಗದೇ?
– ಹೆಸರು ಬೇಡ, ಹಾವೇರಿ

ಉತ್ತರ: ಕಡ್ಡಾಯವೆಂಬುದು ನಿಜ. ದೇಹದ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ನೀಡುತ್ತಾರೋ ಅದೇ ಆಧಾರದ ಮೇಲೆ ಮನಸ್ಸಿನ ಕಾಯಿಲೆಗೂ ನೀಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2018ರಲ್ಲಿ ಕಂಪನಿಗಳಿಗೆ ಈ ಬಗ್ಗೆ ಸೂಚನೆ ನೀಡಿ, 2022ರಲ್ಲಿ ಮತ್ತೆ ಎಚ್ಚರಿಸಬೇಕಾಯಿತು. ಆದರೆ ನಮ್ಮ ಬಹುಪಾಲು ಪಾಲಿಸಿಗಳು ದೇಹದ ಕಾಯಿಲೆಗೂ ಹಣ ಕೊಡುವುದು ಆಸ್ಪತ್ರೆಗೆ ದಾಖಲಾದಾಗಲೇ. ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ ಈ ಏರ್ಪಾಡು ಸಾಕು. ಖಿನ್ನತೆಯ ಚಿಕಿತ್ಸೆಯೋ ತಿಂಗಳುಗಟ್ಟಲೆ ಒಪಿಡಿಯಲ್ಲಿಯೇ, ಅಂದರೆ ದಾಖಲಾಗದೆ ಬಂದುಹೋಗುವ ಹೊರರೋಗಿಯಾಗಿಯೇ, ನಡೆಯುವಂಥದ್ದು. ಹೀಗಾಗಿ ಕಾಗದದ ಮೇಲಿನ ಸಮಾನತೆ ನಿಮ್ಮ ತಮ್ಮನಂಥವರ ಕೈಗೆ ಎಟುಕುವುದಿಲ್ಲ.

ಇನ್ನು ಐದು ನಿಮಿಷದ ವಿಚಾರ. ಬೇರೆ ತಜ್ಞರಿಗೆ ಎಂಡೋಸ್ಕೋಪಿ, ಶಸ್ತ್ರಚಿಕಿತ್ಸೆಗಳಿಂದಲೂ ವರಮಾನವಿರುತ್ತದೆ. ಮನೋವೈದ್ಯರಿಗೆ ಇರುವುದು ಹೆಚ್ಚಾಗಿ ಭೇಟಿಯ ಫೀಸೊಂದೇ. ಐದು ನಿಮಿಷಕ್ಕೂ ಮುಕ್ಕಾಲು ಗಂಟೆಗೂ ಒಂದೇ ದರವಾದಾಗ, ನಿದ್ದೆ, ಊಟ, ಮಾತ್ರೆಯ ಅಡ್ಡಪರಿಣಾಮ, ಸಾಯುವ ಯೋಚನೆ ಇವನ್ನೆಲ್ಲ ವಿಚಾರಿಸಿ, ಮನೆಯವರನ್ನೂ ಪ್ರತ್ಯೇಕವಾಗಿ ಕೇಳಿ ತಿಳಿಯುವ ವೈದ್ಯರೇ ನಷ್ಟ ಅನುಭವಿಸುತ್ತಾರೆ. ಚೇತರಿಸಿಕೊಂಡ ರೋಗಿಗೆ ಚಿಕ್ಕ ಭೇಟಿ ಸಾಕಾಗಬಹುದು ಎಂಬುದನ್ನೂ ಹೇಳಲೇಬೇಕು.

ಹಾಗಾದರೆ ಗಂಟೆಯ ಲೆಕ್ಕದಲ್ಲಿ ಹಣ ಕೊಡಬೇಕೇ? ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಸರ್ಕಾರಿ ವಿಮೆಯೇ ಮನೋವೈದ್ಯರಿಗೆ ಸಮಯದ ಲೆಕ್ಕದಲ್ಲಿ ಹಣ ಕೊಡುತ್ತದೆ. ವೈದ್ಯರು ಹೆಚ್ಚಿರುವ ನಗರಗಳಲ್ಲಿ ಹಲವರು ಕೆಲವೇ ರೋಗಿಗಳನ್ನು ಮತ್ತೆ ಮತ್ತೆ ನೋಡುತ್ತಿದ್ದುದು ಅಲ್ಲಿನ ಅಧ್ಯಯನದಲ್ಲಿ ಕಂಡುಬಂತು. ಆಸ್ಪತ್ರೆಯಿಂದ ಬಿಡುಗಡೆಯಾದವರನ್ನೂ ಆತ್ಮಹತ್ಯೆಗೆ ಯತ್ನಿಸಿದವರನ್ನೂ ಬೇಗ ನೋಡಲೆಂದು 2011ರಲ್ಲಿ ಹೆಚ್ಚುವರಿ ಹಣ ಗೊತ್ತುಪಡಿಸಿದರೂ ಅಂಥ ಭೇಟಿಗಳು ಹೆಚ್ಚಲಿಲ್ಲ. ದರ ಏರಿಸಿದೊಡನೆ ಎಲ್ಲವೂ ನೆಟ್ಟಗಾಗುವುದೆಂದು ನಾನು ನಂಬದಿರುವುದಕ್ಕೆ ಇದೇ ಕಾರಣ. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ವಿಮೆ ಮೆಡಿಕೇರ್ 2017ರಿಂದ ಅನುಸರಿಸುತ್ತಿರುವ ಇನ್ನೊಂದು ದಾರಿ ನಮಗೆ ಹೆಚ್ಚು ಹೊಂದೀತು: ಅಲ್ಲಿ ಸಾಮಾನ್ಯ ವೈದ್ಯರೇ ರೋಗಿಯನ್ನು ನೋಡಿಕೊಳ್ಳುತ್ತಾರೆ, ಮನೋವೈದ್ಯರು ಹಿಂದಿನಿಂದ ಸಲಹೆ ನೀಡುತ್ತಾರೆ, ಆ ತಂಡಕ್ಕೆ ಪ್ರತಿ ರೋಗಿಗೆ ತಿಂಗಳ ಲೆಕ್ಕದಲ್ಲಿ ಹಣ ಸಲ್ಲುತ್ತದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಹಲವು ರಾಜ್ಯಗಳಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲದಿರುವಾಗ, ತಾಲ್ಲೂಕು ವೈದ್ಯರಿಗೆ ಮಾರ್ಗದರ್ಶನ ಮಾಡುವುದೂ ಸಂಭಾವನೆಗೆ ಅರ್ಹವಾದ ಕೆಲಸವಾಗಲೇಬೇಕು.

ಸದ್ಯಕ್ಕೆ ಎರಡು ಕೆಲಸ ಮಾಡಿ. ನಿಮ್ಮ ಪಾಲಿಸಿಗೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಒಪಿಡಿ ರಕ್ಷಣೆ ಸೇರಿಸಿಕೊಳ್ಳಲು ಬರುತ್ತದೆಯೇ ಎಂದು ನವೀಕರಣಕ್ಕೆ ಮುಂಚೆಯೇ ವಿಚಾರಿಸಿ. ವೈದ್ಯರ ಬಳಿ ಮುಂದಿನ ಬಾರಿ ದೀರ್ಘ ಭೇಟಿ ಬೇಕೆಂದು ಸಮಯ ಗೊತ್ತುಪಡಿಸಿಕೊಳ್ಳುವಾಗಲೇ ತಿಳಿಸಿ. ಹಾಗೆ ಕೇಳುವುದರಲ್ಲಿ ಸಂಕೋಚವೇನೂ ಬೇಡ. ನಡುವೆ ತುರ್ತು ಎನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.