ಉದ್ಯಮ್ ರಿಜಿಸ್ಟ್ರೇಷನ್‌ಗೆ 2,499 ಕಟ್ಟಿಬಿಟ್ಟೆ, ವಾಪಸ್ ಬರುತ್ತಾ?

ಪ್ರಶ್ನೆ: ನಾನು ಮನೇಲೇ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರ್ತೀನಿ. ಬ್ಯಾಂಕಲ್ಲಿ ಸಾಲ ಕೇಳೋಕೆ ಹೋದಾಗ ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡೋ ನೋಂದಣಿ ಪತ್ರ) ತನ್ನಿ ಅಂದ್ರು. ಮಗಳು ಗೂಗಲ್ ಮಾಡಿದ್ಲು, ಮೊದಲು ಬಂದ ಸೈಟೇ ಓಪನ್ ಮಾಡಿದ್ವಿ. ಮೇಲೆ ತ್ರಿವರ್ಣದ ಪಟ್ಟಿ, ಸಿಂಹದ ಲಾಂಛನದ ಥರದ್ದೇ ಚಿತ್ರ, ಸರ್ಕಾರದ್ದೇ ಅಂದ್ಕೊಂಡ್ವಿ. ಆಧಾರ್, ಪ್ಯಾನ್ ಎಲ್ಲಾ ತುಂಬಿದ್ಮೇಲೆ 2,499 ರೂಪಾಯಿ ಕೇಳ್ತು, ಮಗಳ ಕ್ರೆಡಿಟ್ ಕಾರ್ಡಲ್ಲಿ ಕಟ್ಟಿದ್ವಿ. ಆಮೇಲೆ ಯಾರೋ ಫೋನ್ ಮಾಡಿ ಹಿಂದೀಲಿ ಓಟಿಪಿ ಕೇಳಿದ್ರು, ಅದನ್ನೂ ಕೊಟ್ವಿ. ಎರಡು ದಿನಕ್ಕೆ ಸರ್ಟಿಫಿಕೇಟ್ ಮೇಲ್‌ಗೆ ಬಂತು. ಬ್ಯಾಂಕಲ್ಲಿ ತೋರಿಸಿದ್ರೆ ಇದು ಫ್ರೀ ಅಲ್ವೇನಮ್ಮಾ ಅಂದ್ರು. ಸೈಟ್‌ನೋರಿಗೆ ಫೋನ್ ಮಾಡಿದ್ರೆ ‘ನಮ್ದು ಪ್ರೈವೇಟ್ ಕನ್ಸಲ್ಟೆನ್ಸಿ, ಸೈಟ್ ಕೆಳಗಡೆ ಬರ್ದಿದೀವಿ, ಕೆಲಸ ಮಾಡ್ಕೊಟ್ಟಾಯ್ತು, ರೀಫಂಡ್ ಇಲ್ಲ’ ಅಂತಾರೆ. ಇನ್ನೇನು ಮಾಡೋದು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಅಕ್ಕ, ಮೊದಲು ಒಂದು ಮಾತು, ಇದ್ರಲ್ಲಿ ನಿಮ್ಮ ದಡ್ಡತನ ಏನೂ ಇಲ್ಲ. ಓದಿ ಆಫೀಸಲ್ಲಿ ಕೂತು ದಿನಾ ಕಂಪ್ಯೂಟರ್ ನೋಡೋರೇ ಇದೇ ಥರ ದುಡ್ಡು ಕಟ್ಟಿ ನನ್ನ ಹತ್ರ ಬರ್ತಾರೆ. ಹಪ್ಪಳ ಒತ್ತಿ ಕೂಡಿಟ್ಟ ದುಡ್ಡಲ್ಲಿ 2,499 ಅಂದ್ರೆ ಎಷ್ಟು ದಿನದ ದುಡಿಮೆ ಅಂತ ನಂಗೆ ಗೊತ್ತು, ಅದಕ್ಕೇ ‘ಹೋಗ್ಲಿ ಬಿಡಿ’ ಅಂತ ಹೇಳೋಕೆ ನಂಗೆ ಮನಸ್ಸಿಲ್ಲ. ಪೂರ್ತಿ ಬಂದೇ ಬರುತ್ತೆ ಅಂತ ಗ್ಯಾರಂಟಿ ಕೊಡಕ್ಕಾಗಲ್ಲ, ಆದ್ರೆ ನಿಮ್ಮ ಕೇಸ್ ಗಟ್ಟಿ ಇದೆ.

ಯಾಕೆ ಗಟ್ಟಿ ಅಂದ್ರೆ, ಉದ್ಯಮ್ ರಿಜಿಸ್ಟ್ರೇಷನ್ 2020ರ ಜುಲೈ 1ರಿಂದ ಶುರುವಾಗಿರೋದು, ಅವತ್ತಿಂದ ಇವತ್ತಿನವರೆಗೂ ಒಂದು ಪೈಸೆ ಫೀಸ್ ಇಲ್ಲ. ಅಸಲಿ ಸೈಟ್ ಉದ್ಯಮ್‌ರಿಜಿಸ್ಟ್ರೇಷನ್ ಡಾಟ್ ಗವ್ ಡಾಟ್ ಇನ್, ಆ ಸೈಟಲ್ಲೇ ಹಾಕಿದಾರೆ, ಈ ಪೋರ್ಟಲ್ ಮತ್ತು ಸರ್ಕಾರದ ಸಿಂಗಲ್ ವಿಂಡೋ ಬಿಟ್ರೆ ಬೇರೆ ಯಾವ ಖಾಸಗಿ ಏಜೆನ್ಸಿಗೂ ವ್ಯಕ್ತಿಗೂ ಈ ರಿಜಿಸ್ಟ್ರೇಷನ್ ಮಾಡೋ ಅಧಿಕಾರ ಇಲ್ಲ ಅಂತ. ಆ ಸಾಲಿನ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಟ್ಕೊಳ್ಳಿ, ಮುಂದೆ ಎಲ್ಲಾ ಕಡೆ ಬೇಕಾಗುತ್ತೆ. ಇವ್ರು ಮಾಡಿರೋದು ಇಷ್ಟೇ: ನಿಮ್ಮ ಡೀಟೇಲ್ಸ್ ತಗೊಂಡು ಅದೇ ಫ್ರೀ ಸೈಟಲ್ಲಿ ಟೈಪ್ ಮಾಡಿದಾರೆ, ಅಲ್ಲಿಂದ ಬಂದ ಓಟಿಪಿನ ನಿಮ್ಮಿಂದಲೇ ಕೇಳಿ ತಗೊಂಡಿದಾರೆ. ಹಾಗಾಗಿ ನಿಮ್ಮ ಕೈಲಿರೋ ಸರ್ಟಿಫಿಕೇಟ್ ಅಸಲಿದೇ ಇರೋ ಚಾನ್ಸ್ ಜಾಸ್ತಿ, ಪೋರ್ಟಲಲ್ಲಿ ಉದ್ಯಮ್ ನಂಬರ್ ಹಾಕಿ ವೆರಿಫೈ ಮಾಡಿ ನೋಡಿ.

ಸೈಟಿನ ತುದೀಲಿ ಸಣ್ಣ ಬೂದು ಅಕ್ಷರದಲ್ಲಿ ‘ನಾವು ಸರ್ಕಾರದೋರಲ್ಲ’ ಅಂತ ಬರ್ದಿದ್ರೆ ಎಲ್ಲಾ ಮುಗೀತು ಅಂತ ಅವ್ರು ಹೇಳ್ತಾರೆ, ಜನಾನೂ ನಂಬ್ತಾರೆ. ಅದು ತಪ್ಪು. ಮೇಲೆ ಲಾಂಛನ, ತ್ರಿವರ್ಣ, ‘ಅಧಿಕೃತ’ ಅನ್ನೋ ಥರದ ಮಾತು ದಪ್ಪಕ್ಕೆ ತೋರಿಸಿ ಕೆಳಗೆ ಸಣ್ಣದಾಗಿ ಅಲ್ಲ ಅಂದ್ರೆ, ಒಟ್ಟಾರೆ ನೋಡೋರಿಗೆ ಏನು ಅನ್ಸುತ್ತೆ ಅನ್ನೋದೇ ಲೆಕ್ಕ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೇಲಿ ದಾರಿ ತಪ್ಪಿಸೋ ಜಾಹೀರಾತು, ಅನುಚಿತ ವ್ಯಾಪಾರ ಪದ್ಧತಿ ಎರಡೂ ಇದೆ. ಸಿಂಹ ಲಾಂಛನಾನ ಸರ್ಕಾರದ ಸಂಬಂಧ ಇದೆ ಅನ್ಸೋ ಹಾಗೆ ಬಳಸೋದಕ್ಕೆ 2005ರ ಕಾಯ್ದೇನೇ ಬೇರೆ ಇದೆ, ಜೈಲು ಶಿಕ್ಷೆವರೆಗೂ ಹೋಗುತ್ತೆ.

ಈಗ ಕೆಲಸ. ಇವತ್ತೇ ಆ ಸೈಟನ್ನ ಮತ್ತೆ ಓಪನ್ ಮಾಡಿ, ಏನೂ ತುಂಬಬೇಡಿ, ಮೇಲಿಂದ ಕೆಳಗಿನವರೆಗೂ ಸ್ಕ್ರೀನ್‌ಶಾಟ್ ತಗೊಳ್ಳಿ, ಅಡ್ರೆಸ್ ಬಾರ್ ಕಾಣ್ಬೇಕು, ಆ ಸಣ್ಣ ಅಕ್ಷರದ ಸಾಲು ಎಲ್ಲಿದೆ ಅನ್ನೋದೂ ಕಾಣ್ಬೇಕು. ಕಂಪ್ಲೇಂಟ್ ಶುರುವಾದ್ರೆ ಅವ್ರು ಸೈಟ್ ಬದಲಾಯಿಸಬಹುದು, ಅದಕ್ಕೇ ಇದು ಮೊದಲು. ಕಾರ್ಡ್ ಮೆಸೇಜಲ್ಲಿ ಬಂದಿರೋ ಮರ್ಚೆಂಟ್ ಹೆಸರು, ಅವ್ರು ಕಳಿಸಿದ ಬಿಲ್ ಎತ್ತಿಡಿ. ಬಿಲ್ಲಲ್ಲಿ ಜಿಎಸ್‌ಟಿ ನಂಬರ್ ಇದ್ಯಾ ನೋಡಿ, ಇದ್ರೆ ಜಿಎಸ್‌ಟಿ ಪೋರ್ಟಲಲ್ಲಿ ‘ಸರ್ಚ್ ಟ್ಯಾಕ್ಸ್‌ಪೇಯರ್’ ಅಂತಿದೆ, ಲಾಗಿನ್ನೂ ಬೇಡ, ಆ 15 ಅಕ್ಷರ ಹಾಕಿದ್ರೆ ಅವರ ಕಾನೂನು ಪ್ರಕಾರದ ಹೆಸರು ಬರುತ್ತೆ. ನಂಬರ್‌ನ ಮೊದಲ ಎರಡು ಅಂಕಿ ರಾಜ್ಯ ಯಾವುದು ಅಂತ ಹೇಳುತ್ತೆ, 29 ಇದ್ರೆ ನಮ್ಮ ಕರ್ನಾಟಕ, 07 ದೆಹಲಿ, 09 ಉತ್ತರ ಪ್ರದೇಶ. ಕಂಪ್ಲೇಂಟಲ್ಲಿ ಯಾರ ಹೆಸರು ಬರೀಬೇಕು ಅಂತ ಒದ್ದಾಡೋದು ಅರ್ಧ ಇಲ್ಲೇ ಮುಗಿಯುತ್ತೆ.

ಆಮೇಲೆ ಅವ್ರಿಗೆ ಫೋನ್ ಮಾಡೋದು ನಿಲ್ಸಿ, ಮೇಲ್ ಮಾಡಿ. ಫೋನಲ್ಲಿ ಅವ್ರು ಆಡಿದ ಮಾತಿಗೆ ಸಾಕ್ಷಿ ಇರಲ್ಲ. ಹೀಗೆ ಬರೀರಿ: ‘ನಿಮ್ಮ ಸೈಟ್ ಸರ್ಕಾರದ್ದು ಅಂತ ತೋರುವ ಹಾಗಿತ್ತು, ಈ ಸೇವೆ ಉಚಿತ ಅನ್ನೋದನ್ನು ಹಣ ಪಡೆಯುವ ಮುಂಚೆ ನನಗೆ ತಿಳಿಸಲಿಲ್ಲ, ಇಂಥ ದಿನ ಇಷ್ಟು ಹಣ ಕಟ್ಟಿದ್ದೇನೆ, 7 ದಿನದೊಳಗೆ ವಾಪಸ್ ಮಾಡಿ, ಇಲ್ಲದಿದ್ದರೆ ಬ್ಯಾಂಕ್ ಮತ್ತು ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.’ ಇಷ್ಟೇ ಸಾಕು, ಬೈಗುಳ ಬೇಡ. ಇಂಥ ಒಂದು ಮೇಲ್‌ಗೇ ದುಡ್ಡು ವಾಪಸ್ ಹಾಕಿದ್ದನ್ನ ನಾನು ನೋಡಿದೀನಿ. ಅರ್ಧ ಕೊಡ್ತೀವಿ, ಕಂಪ್ಲೇಂಟ್ ವಾಪಸ್ ತಗೊಳ್ಳಿ ಅಂತಾನೂ ಬರಬಹುದು, ಒಪ್ಪೋದು ಬಿಡೋದು ನಿಮ್ಮಿಷ್ಟ, ಆದ್ರೆ ದುಡ್ಡು ಅಕೌಂಟಿಗೆ ಬರೋ ಮುಂಚೆ ಏನನ್ನೂ ವಾಪಸ್ ತಗೋಬೇಡಿ.

ಬ್ಯಾಂಕ್ ವಿಷಯಕ್ಕೆ ಬಂದ್ರೆ ಇಲ್ಲೇ ಸುಮಾರು ಜನ ಎಡವೋದು. ಗಾಬರೀಲಿ ‘ನನಗೆ ಗೊತ್ತಿಲ್ಲದೆ ದುಡ್ಡು ಕಟ್ ಆಗಿದೆ’ ಅಂತ ಬರೀತಾರೆ. ಬ್ಯಾಂಕ್‌ನೋರು ನೋಡ್ತಾರೆ, ಓಟಿಪಿ ಹಾಕಿ ನೀವೇ ಕಟ್ಟಿದೀರಿ ಅಂತ ಅಲ್ಲಿ ಕಾಣುತ್ತೆ, ಅಲ್ಲಿಗೇ ಕ್ಲೋಸ್. ಬ್ಯಾಂಕಿನ 3 ಕೆಲಸದ ದಿನದೊಳಗೆ ಹೇಳಿದ್ರೆ ಗ್ರಾಹಕರಿಗೆ ನಷ್ಟ ಇಲ್ಲ ಅನ್ನೋ ರಿಸರ್ವ್ ಬ್ಯಾಂಕಿನ 2017ರ ನಿಯಮಾನೂ ನಿಮ್ಮ ಒಪ್ಪಿಗೆ ಇಲ್ಲದೆ ಹೋದ ದುಡ್ಡಿಗೆ ಮಾತ್ರ. ಅದಕ್ಕೆ ಇದ್ದದ್ದು ಇದ್ದ ಹಾಗೆ ಹೇಳಿ: ಕಟ್ಟಿದ್ದು ನಾವೇ, ಆದ್ರೆ ಸುಳ್ಳು ತೋರಿಸಿ ಕಟ್ಟಿಸ್ಕೊಂಡಿದಾರೆ, ಹೇಳಿದ ಸೇವೆ ಬೇರೆ ಕೊಟ್ಟಿದ್ದು ಬೇರೆ, ಚಾರ್ಜ್‌ಬ್ಯಾಕ್ ಡಿಸ್ಪ್ಯೂಟ್ ಹಾಕಿ ಅಂತ. ಅಂದ್ರೆ ಕಾರ್ಡಲ್ಲಿ ಕಟ್ಟಿದ ದುಡ್ಡನ್ನ ಬ್ಯಾಂಕ್ ಮೂಲಕ ವಾಪಸ್ ಕೇಳೋ ದೂರು. ಕಾರ್ಡ್ ಮಗಳದ್ದಾಗಿರೋದ್ರಿಂದ ಅವಳೇ ಹಾಕ್ಬೇಕು. ಇದಕ್ಕೆ ಟೈಮ್ ಲಿಮಿಟ್ ಇರುತ್ತೆ, ಈ ವಾರಾನೇ ಮಾಡಿ. ಯುಪಿಐಲಿ ಕಟ್ಟಿದ್ರೆ ಇಷ್ಟು ಸುಲಭ ಇರ್ತಿರಲಿಲ್ಲ, ಕ್ರೆಡಿಟ್ ಕಾರ್ಡ್ ಆಗಿದ್ದು ನಿಮಗೆ ಒಳ್ಳೇದೇ ಆಯ್ತು. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ರೆ, ಇಲ್ಲಾ ಕೊಟ್ಟ ಉತ್ತರ ಸರಿ ಇಲ್ದಿದ್ರೆ ಬ್ಯಾಂಕ್‌ಗಳ ಮೇಲಿನ ದೂರು ವಿಚಾರಿಸೋ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಲ್ಲೇ ದೂರು ಕೊಡಬಹುದು, ಫೀಸ್ ಇಲ್ಲ.

ಜೊತೆಗೇ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡ್ತಾರೆ, ಡಾಕೆಟ್ ನಂಬರ್ (ದೂರಿನ ನಂಬರ್) ಬರ್ಕೊಳ್ಳಿ. ಅದೂ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ. ಸೈಟ್‌ನೋರು ಯಾವ ಊರಲ್ಲಿದ್ರೂ ಸರಿ, ನೀವು ದಾವಣಗೆರೇಲೇ ಕೇಸ್ ಹಾಕಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಫೀಸ್ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, 2 ವರ್ಷದೊಳಗೆ ಹಾಕ್ಬೇಕು, ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲಲ್ಲಿ ಮನೇಲೇ ಕೂತು ಹಾಕಬಹುದು. ಒಂದು ವಿಷಯ ಮರೀಬೇಡಿ, ವ್ಯಾಪಾರಕ್ಕೆ ಅಂತ ತಗೊಂಡೋರು ಗ್ರಾಹಕರೇ ಅಲ್ಲ ಅಂತ ಅವರ ಕಡೆಯವ್ರು ವಾದ ಮಾಡಬಹುದು, ಅದಕ್ಕೆ ‘ಹೊಟ್ಟೆಪಾಡಿಗೆ ನಾನೇ ಕೈಯಾರೆ ಮಾಡೋ ಕೆಲಸ’ ಅಂತ ದೂರಿನ ಮೊದಲ ಪುಟದಲ್ಲೇ ಬರೀರಿ.

ದುಡ್ಡಿಗಿಂತ ನಂಗೆ ಚಿಂತೆ ಇನ್ನೊಂದು. ಸರ್ಟಿಫಿಕೇಟಲ್ಲಿ ಮೊಬೈಲ್ ನಂಬರ್, ಇಮೇಲ್ ಯಾರದ್ದು ಅಂತ ನೋಡಿ. ಇಂಥೋರು ತಮ್ಮದೇ ಮೇಲ್ ಹಾಕಿರ್ತಾರೆ, ಆಗ ನಿಮ್ಮ ರಿಜಿಸ್ಟ್ರೇಷನ್‌ನ ಬೀಗದ ಕೈ ಅವ್ರ ಹತ್ರ ಇದ್ದಂಗೆ. ನಿಮ್ಮದಲ್ಲದಿದ್ರೆ ಪೋರ್ಟಲಲ್ಲಿ ಅಪ್‌ಡೇಟ್ ಆಪ್ಷನ್ ಇದೆ, ಓಟಿಪಿ ಅವ್ರಿಗೇ ಹೋಗ್ತಿದ್ರೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಆಧಾರ್, ಪ್ಯಾನ್ ತಗೊಂಡು ಹೋಗಿ ಕೇಳಿ. ಆಧಾರ್ ಸೈಟಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ, ಆಧಾರ್ ಯಾವಾಗ ಎಲ್ಲಿ ಬಳಕೆ ಆಗಿದೆ ಅಂತ ತೋರಿಸೋ ಆಥೆಂಟಿಕೇಷನ್ ಹಿಸ್ಟರಿ ಒಂದ್ಸಲ ನೋಡಿ. ಮುಂದಿನ ವರ್ಷ ‘ಉದ್ಯಮ್ ರಿನ್ಯೂವಲ್ ಮಾಡ್ಸಿ’ ಅಂತ ಮೆಸೇಜ್ ಬಂದ್ರೆ ಡಿಲೀಟ್ ಮಾಡಿ, ಉದ್ಯಮ್‌ಗೆ ರಿನ್ಯೂವಲ್ ಅನ್ನೋದೇ ಇಲ್ಲ.

ಪ್ರಶ್ನೆ: ಅಪ್ಪಾಜಿ ಪಾಸ್‌ಪೋರ್ಟ್ ರಿನ್ಯೂವಲ್‌ಗೆ ಅಂತ ನಿನ್ನೆ ರಾತ್ರಿ ಯಾವುದೋ ಸೈಟಲ್ಲಿ 3,500 ಯುಪಿಐ ಮಾಡಿದಾರೆ, ಅಪಾಯಿಂಟ್‌ಮೆಂಟ್ ಬಂದಿಲ್ಲ, ಈಗ ಇನ್ನೂ 2,000 ಕೇಳ್ತಿದಾರೆ. ನಾನು ಊರಲ್ಲಿಲ್ಲ.
— ಓದುಗರೊಬ್ಬರು, ಮಸ್ಕತ್

ಉತ್ತರ: ನಿಮ್ಮದು ಮೇಲಿನ ಕೇಸ್ ಥರ ಅಲ್ಲ. ಇಲ್ಲಿ ಕೆಲಸಾನೂ ಆಗಿಲ್ಲ, ಇನ್ನೂ ದುಡ್ಡು ಕೇಳ್ತಿದಾರೆ, ಹಾಗಾಗಿ 1915 ಅಲ್ಲ, 1930, ಸೈಬರ್ ಸಹಾಯವಾಣಿ. ಇದನ್ನ ಓದಿದ ತಕ್ಷಣ ಅಪ್ಪಾಜಿಗೆ ಫೋನ್ ಮಾಡಿ, ಅವರ ಕೈಲೇ 1930ಗೆ ಹೇಳಿಸಿ, ಯುಪಿಐ ರೆಫರೆನ್ಸ್ ನಂಬರ್, ಟೈಮ್, ಎಷ್ಟು ಹೋಯ್ತು ಅನ್ನೋದು ಕೈಲಿಟ್ಕೊಂಡಿರಲಿ. ದುಡ್ಡು ಆ ಕಡೆ ಅಕೌಂಟಲ್ಲಿ ಇನ್ನೂ ಇದ್ರೆ ತಡೆಹಿಡಿಯೋಕೆ ಆಗುತ್ತೆ, ಡ್ರಾ ಮಾಡಿಬಿಟ್ರೆ ಕಷ್ಟ, ಅದಕ್ಕೇ ಇಷ್ಟು ಅವಸರ. ಆಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ಪೂರ್ತಿ ದೂರು, ಬ್ಯಾಂಕಿಗೂ ಒಂದು ದೂರು.

ರೀಫಂಡ್ ಕೊಡಿಸ್ತೀವಿ ಅಂತ ಯಾರಾದ್ರೂ ಫೋನ್ ಮಾಡಿದ್ರೆ, ಆ್ಯಪ್ ಹಾಕ್ಕೊಳ್ಳಿ, ಸ್ಕ್ರೀನ್ ಶೇರ್ ಮಾಡಿ, ಪ್ರೊಸೆಸಿಂಗ್ ಫೀಸ್ ಕಟ್ಟಿ ಅಂದ್ರೆ, ಫೋನ್ ಇಟ್ಟುಬಿಡೋಕೆ ಹೇಳಿ, ಒಂದು ಸಲ ಕಟ್ಟಿದೋರ ನಂಬರನ್ನೇ ಹುಡುಕ್ಕೊಂಡು ಬರೋರು ಇದಾರೆ. ಆ ಸೈಟಿನ ಕಸ್ಟಮರ್ ಕೇರ್ ನಂಬರ್ ಗೂಗಲ್ ಮಾಡೋದೂ ಬೇಡ.

ಅಸಲಿ ಸೈಟ್ ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗವ್ ಡಾಟ್ ಇನ್, ಇಲ್ಲಾ ಎಂಪಾಸ್‌ಪೋರ್ಟ್ ಸೇವಾ ಆ್ಯಪ್. ದೊಡ್ಡೋರಿಗೆ 36 ಪುಟದ ಪಾಸ್‌ಪೋರ್ಟ್‌ಗೆ ತತ್ಕಾಲ್ ಇಲ್ದೆ 1,500 ರೂಪಾಯಿ ಅಷ್ಟೇ. ಹೊಸದಾಗಿ ಅಪ್ಲೈ ಮಾಡೋವಾಗ ನೀವೇ ಆ ಲಿಂಕ್ ಅಪ್ಪಾಜಿ ವಾಟ್ಸಾಪ್‌ಗೆ ಕಳಿಸಿ, ವಿಡಿಯೋ ಕಾಲಲ್ಲಿ ಜೊತೆಗಿದ್ದು ಮಾಡ್ಸಿ. ಮತ್ತೆ ಅವರ ಮೇಲೆ ರೇಗಬೇಡಿ, ರೇಗಿದ್ರೆ ಮುಂದಿನ ಸಲ ಇಂಥದ್ದಾದಾಗ ನಿಮಗೆ ಹೇಳೋದೇ ಇಲ್ಲ.